ಬೀರುವಿನಲ್ಲಿ ಕೂತ ದನಿ

ಆ ಬಸ್ ನಿಲ್ದಾಣದಲ್ಲಿ ಅವಳ ಮುಖ ನೋಡಿದವರು ಕಡಿಮೆ, ದನಿ ಕೇಳದವರು ಇಲ್ಲವೇ ಇಲ್ಲ. ಡ್ರೈವರನಿಂದ ಹಿಡಿದು ಕಡಲೆ ಮಾರುವವನ ತನಕ ಎಲ್ಲರಿಗೂ ಅವಳು ಮೈಕಕ್ಕ. ಮೊದಲು ಟಿಕೆಟ್ ಕಿಟಕಿಯ ಹಿಂದೆ ಚಿಲ್ಲರೆ ಎಣಿಸಿ ಕೊಡುವ ಕೆಲಸಕ್ಕೆ ಸೇರಿದವಳು. ಒಂದು ದಿನ ಅನೌನ್ಸ್‌ಮೆಂಟ್ ಮಾಡುವವರು ಬರಲಿಲ್ಲ. ಕಂಟ್ರೋಲರು ಕೈಗೆ ಸಿಕ್ಕವಳನ್ನು ಕರೆದು ಮೈಕಿನ ಮುಂದೆ ಕೂರಿಸಿದರು. ಅವಳು ಬಾಯಿ ತೆರೆದದ್ದೇ ತಡ, ಹೊರಟಿದ್ದ ಎರಡು ಬಸ್ಸು ತಾವಾಗಿಯೇ ನಿಂತವು. ಹಳೆಯ ಅನೌನ್ಸರು ಮಾರನೆಯ ದಿನ ಬಂದಾಗ ಅವರಿಗೆ ಟಿಕೆಟ್ ಕಿಟಕಿ ಸಿಕ್ಕಿತು.

ಅಂದಿನಿಂದ ಮೇಲಿನ ಮಹಡಿಯ ಚಿಕ್ಕ ಕೋಣೆಯೇ ಅವಳ ಲೋಕ. ಗಾಜಿನ ಕಿಟಕಿಯಿಂದ ಬಸ್ಸುಗಳ ನೆತ್ತಿ ಕಾಣುತ್ತಿತ್ತು, ಅಂಕಣಗಳಲ್ಲಿ ನಿಂತ ಜನ ಕಾಣುತ್ತಿದ್ದರು. ಬರೆದುಕೊಟ್ಟದ್ದನ್ನಷ್ಟೇ ಓದಿ ಸುಮ್ಮನಿರುವ ಜಾಯಮಾನ ಅವಳದಲ್ಲ. "ಬಂದರಿಗೆ ಹೋಗುವ ಎಕ್ಸ್‌ಪ್ರೆಸ್ ಮೂರನೇ ಅಂಕಣದಲ್ಲಿದೆ" ಎಂದ ಮೇಲೆ, "ಕೆಂಪು ಚೀಲದವರೇ, ಅದು ನಿಮ್ಮ ಬಸ್ಸಲ್ಲ, ಇಳೀರಿ" ಎಂದೂ ಸೇರಿಸುತ್ತಿದ್ದಳು. ಕೆಂಪು ಚೀಲದವರು ಬೆಚ್ಚಿ ಸುತ್ತಮುತ್ತ ನೋಡಿ, ಕಡೆಗೆ ಆಕಾಶಕ್ಕೆ ಕೈಮುಗಿದು ಇಳಿಯುತ್ತಿದ್ದರು.

ಆದರೆ ದನಿಯೆಂಬುದು ಬಾವಿಯ ನೀರಿನ ಹಾಗೆ ರಾತ್ರಿ ಕಳೆದರೆ ತಾನಾಗಿ ತುಂಬಿಕೊಳ್ಳುವುದಿಲ್ಲ. ದಿನವೆಲ್ಲ ಬಸ್ಸುಗಳಿಗೆ ಹಂಚಿ, ಸಂಜೆ ಮನೆಗೆ ಹೋಗುವ ಹೊತ್ತಿಗೆ ಮೈಕಕ್ಕನ ಗಂಟಲಿನಲ್ಲಿ ಉಳಿಯುತ್ತಿದ್ದದ್ದು ಬರೀ ಗಾಳಿ. ಮನೆಯಲ್ಲಿದ್ದ ಗಂಡನೋ ಹಿಟ್ಟಿನ ಗಿರಣಿ ನಡೆಸಿದವನು. ಗಿರಣಿ ಅವನ ಎರಡೂ ಕಿವಿಗಳನ್ನು ನುಣ್ಣಗೆ ಬೀಸಿಹಾಕಿತ್ತು. ಹೀಗಾಗಿ ಹೇಳುವವಳಿಗೆ ದನಿಯಿಲ್ಲ, ಕೇಳುವವನಿಗೆ ಕಿವಿಯಿಲ್ಲ. ಎಲ್ಲ ಗಂಡ ಹೆಂಡಿರೂ ಉಪ್ಪು ಸಾಲದು, ಬಾಗಿಲು ಹಾಕಲಿಲ್ಲ ಎಂದು ಹಾಯಾಗಿ ಜಗಳವಾಡಿಕೊಂಡಿರುವಾಗ ಈ ಮನೆಯಲ್ಲಿ ಜಗಳವೆಂದರೆ ಕೈಸನ್ನೆ, ಹುಬ್ಬಿನ ಸನ್ನೆ, ಕಡೆಗೆ ಪಾತ್ರೆಯ ಸದ್ದು. ಆ ಸದ್ದೂ ಅವನಿಗೆ ಕೇಳಿಸುತ್ತಿರಲಿಲ್ಲ. ಅವಳ ದನಿ ಅವನ ಕಿವಿಗೆ ಮುಟ್ಟುತ್ತಿದ್ದ ಜಾಗ ಲೋಕದಲ್ಲಿ ಒಂದೇ ಒಂದು: ನಿಲ್ದಾಣದ ದೊಡ್ಡ ಲೌಡ್‌ಸ್ಪೀಕರಿನ ಕೆಳಗಿನ ಬೆಂಚು. ಗಿರಣಿ ಮುಚ್ಚಿದ ಮೇಲೆ ಅವನು ದಿನಾ ಮಧ್ಯಾಹ್ನ ಹೆಂಡತಿಗೆ ಊಟದ ಡಬ್ಬಿ ತರುವ ನೆಪದಲ್ಲಿ ಅಲ್ಲಿ ಬಂದು ಕೂತು, ಬಂದರಿನ ಬಸ್ಸು ಎಷ್ಟನೇ ಅಂಕಣದಲ್ಲಿದೆ ಎಂಬುದನ್ನು ತಲೆದೂಗುತ್ತ ಕೇಳುತ್ತಿದ್ದ.

ಹೀಗಿರುವಾಗ ಮೈಕಕ್ಕನ ದನಿ ಮಧ್ಯೆ ಮಧ್ಯೆ ಕೀಲೆಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿತು. ಗಂಟಲಿನ ಡಾಕ್ಟರು ಕನ್ನಡಿ ಇಳಿಸಿ ನೋಡಿದರು.

"ಗಂಟು ಕಟ್ಟಿದೆ. ಒಂದು ತಿಂಗಳು ಪೂರ್ತಿ ಮೌನ. ಮಾತಾಡಿದ್ರೆ ಆಮೇಲೆ ಆಡೋಕೆ ದನಿಯೇ ಇರಲ್ಲ."

"ಪಿಸುಮಾತು ಆಡಬಹುದಾ ಡಾಕ್ಟ್ರೇ?"

"ಅದು ಇನ್ನೂ ಕೆಟ್ಟದ್ದು. ಈಗ ಕೇಳಿದ್ರಲ್ಲ, ಆ ಪ್ರಶ್ನೆಯೂ ಕೇಳಬಾರದಾಗಿತ್ತು."

ತಿಂಗಳು ರಜೆ ಕೊಡಲು ನಿಲ್ದಾಣದಲ್ಲಿ ಬದಲಿ ಬಾಯಿ ಇರಲಿಲ್ಲ. ಕಂಟ್ರೋಲರು ತಲೆ ಕೆರೆದುಕೊಳ್ಳುತ್ತಿರುವಾಗಲೇ ಮುಖ್ಯ ಕಚೇರಿಯಿಂದ ಸುದ್ದಿ ಬಂತು. ಮುದ್ರಿಸಿಟ್ಟ ದನಿಯಲ್ಲಿ ಬಸ್ಸು ಕೂಗುವ ಏರ್ಪಾಡೊಂದನ್ನು ಯಾವುದಾದರೂ ಒಂದು ನಿಲ್ದಾಣದಲ್ಲಿ ಪರೀಕ್ಷೆ ಮಾಡಬೇಕಂತೆ. ಕಂಟ್ರೋಲರು ಎರಡೂ ಕೈ ಎತ್ತಿದರು.

ದೊಡ್ಡ ಪೇಟೆಯಿಂದ ಒಬ್ಬ ಕಂಪ್ಯೂಟರ್ ಹುಡುಗಿ ಬಂದಳು. ಕೋಣೆಯ ಗೋಡೆಗೆಲ್ಲ ಕಂಬಳಿ ಹೊದಿಸಿ, ಮೈಕಕ್ಕನಿಂದ ಎಲ್ಲ ಊರುಗಳ ಹೆಸರು, ಎಲ್ಲ ಅಂಕಿಗಳು, "ಹೊರಡಲಿದೆ", "ತಡವಾಗಿದೆ", "ದಯವಿಟ್ಟು ಕ್ಷಮಿಸಿ" ಇಷ್ಟನ್ನೂ ಬಿಡಿಬಿಡಿಯಾಗಿ ಹೇಳಿಸಿ ಒಂದು ಪೆನ್‌ಡ್ರೈವಿಗೆ ತುಂಬಿದಳು. ಮೌನ ಶುರುವಾಗುವ ಮುನ್ನ ಗಂಟಲಿನಲ್ಲಿ ಉಳಿದಿದ್ದ ಒಳ್ಳೆಯ ದನಿಯನ್ನೆಲ್ಲ ಮೈಕಕ್ಕ ತಳ ಕೆರೆದು ಕೊಟ್ಟಳು. ಕೋಣೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ಅಷ್ಟನ್ನೂ ತುಂಬಲು ಜಾಗವಿರಲಿಲ್ಲ. ಪೆನ್‌ಡ್ರೈವು ಸಿಕ್ಕಿಸಿಯೇ ಇರಬೇಕು, ಅದರಿಂದಲೇ ಓದಿಕೊಂಡು ಕಂಪ್ಯೂಟರು ಕೂಗುತ್ತದೆ ಎಂದು ಹುಡುಗಿ ಏರ್ಪಾಡು ಮಾಡಿದಳು. ಮೊದಲು ಆ ಕಂಪ್ಯೂಟರಿಗೆ ಡ್ರೈವರುಗಳೆಲ್ಲ ಹಾಡು ತುಂಬಿಸಿಕೊಳ್ಳಲು ಕಂಡ ಕಂಡ ಪೆನ್‌ಡ್ರೈವು ಚುಚ್ಚಿ, ವೈರಸ್ ಹತ್ತಿ, ಅದು ಮಲಗಿದ ಕೋಣದ ಹಾಗಾಗಿತ್ತು. ಹುಡುಗಿ ಎಲ್ಲವನ್ನೂ ಅಳಿಸಿ, ವೈರಸ್ ಸುಲಭಕ್ಕೆ ಹತ್ತದ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿದಳು. ಪೆನ್‌ಡ್ರೈವು ಸಿಕ್ಕಿಸಿ ನೋಡಿದಳು. ಲೌಡ್‌ಸ್ಪೀಕರಿನಲ್ಲಿ ಮೈಕಕ್ಕ ಕೂಗಿದಳು, ಕೋಣೆಯಲ್ಲಿ ಮೈಕಕ್ಕ ಬಾಯಿ ಮುಚ್ಚಿಕೊಂಡು ನಕ್ಕಳು. ನಾಳೆ ಮಧ್ಯಾಹ್ನ ಮುಖ್ಯ ಕಚೇರಿಯ ಸಾಹೇಬರು ನೋಡಲು ಬರುತ್ತಾರೆ, ಸರಿಯಾಗಿದ್ದರೆ ಇಲ್ಲೇ ಇಡುತ್ತಾರೆ, ಇಲ್ಲದಿದ್ದರೆ ಬೇರೆ ನಿಲ್ದಾಣಕ್ಕೆ ಒಯ್ಯುತ್ತಾರೆ ಎಂದು ಹೇಳಿ ಹುಡುಗಿ ಸಂಜೆಯ ಬಸ್ಸು ಹತ್ತಿದಳು.

ಅವಳು ಹೋದ ಮೇಲೆ ಬೀಗಪ್ಪ ಬಂದ.

ಬೀಗಪ್ಪ ನಿಲ್ದಾಣದ ಸ್ಟೋರ್ ಕೀಪರ್. ಮೈಕಿನ ಕೋಣೆಯ ಅರ್ಧ ಭಾಗ ಅವನದು. ಅಲ್ಲಿ ಅವನ ಮೇಜು, ಅವನ ಹಿಂದೆ ಒಂದು ಕಬ್ಬಿಣದ ಬೀರು. ಬಸ್ ನಿಲ್ದಾಣದಲ್ಲಿ ಬಿಟ್ಟ ವಸ್ತು ಬಿಟ್ಟ ಜಾಗದಲ್ಲಿ ಇರುವುದಿಲ್ಲ ಎಂಬುದು ಅವನು ಸರ್ವಿಸಿನಲ್ಲಿ ಕಂಡುಕೊಂಡ ಸತ್ಯ. ಆದ್ದರಿಂದ ಕುಡಿಯುವ ನೀರಿನ ಲೋಟಕ್ಕೆ ಸರಪಳಿ, ಪೆನ್ನಿಗೆ ದಾರ, ಪೊರಕೆಗೆ ಬೀಗ. ಬೆಲೆಬಾಳುವ ವಸ್ತುವೆಲ್ಲ ಬೀರುವಿನಲ್ಲಿರಬೇಕು, ಬೀರುವಿನಲ್ಲಿರುವುದು ಆಚೆ ಬರಬಾರದು. ಬೆರಳುದ್ದದ ಈ ಪೆನ್‌ಡ್ರೈವು ಕಂಪ್ಯೂಟರಿನ ಬೆನ್ನಿಗೆ ಅನಾಥನ ಹಾಗೆ ನೇತಾಡುತ್ತಿರುವುದನ್ನು ಅವನು ಕಂಡ. ಪ್ರಯಾಣಿಕರು ಮರೆತು ಹೋದ ಸಾಮಾನಿನ ಪೆಟ್ಟಿಗೆ ತಡಕಾಡಿ, ಒಂದು ತುದಿಯಲ್ಲಿ ಪಿನ್ನು, ಇನ್ನೊಂದು ತುದಿಯಲ್ಲಿ ಪಿನ್ನು ಕೂರುವ ಗೂಡು ಇರುವ ಒಂದು ಉದ್ದದ ಯುಎಸ್‌ಬಿ ವಯರು ಹುಡುಕಿದ. ಬೀರುವಿನ ಹಿಂಬದಿಯಲ್ಲಿದ್ದ ತೂತಿನಿಂದ ಅದನ್ನು ತೂರಿಸಿದ. ವಯರಿನ ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿ ಬೀರುವಿನ ಒಳಗೆ ಪೆನ್‌ಡ್ರೈವಿಗೆ. ಬಾಗಿಲು ಹಾಕಿ, ಬೀಗ ಜಡಿದು, ಮೂರು ಸಲ ಜಗ್ಗಿ ನೋಡಿ, ನೆಮ್ಮದಿಯಾಗಿ ಮನೆಗೆ ಹೋದ.

ಮೌನದ ಮೊದಲ ದಿನ ಬೆಳಿಗ್ಗೆ ಮೈಕಕ್ಕ ಬಂದು ಕಂಪ್ಯೂಟರು ಹಾಕಿದಳು. ಸುಮ್ಮನೆ ಕೂತಳು. ಮೊದಲ ಬಸ್ಸಿನ ಹೊತ್ತಾಯಿತು, ಸ್ಪೀಕರಿನಿಂದ ಒಂದು ಕೆಮ್ಮು ಕೂಡ ಬರಲಿಲ್ಲ. ಪರದೆಯ ಮೇಲೆ ಪೆನ್‌ಡ್ರೈವಿನ ಚಿತ್ರ ಇರಬೇಕಾದ ಜಾಗ ಬೋಳಾಗಿತ್ತು. ಕೆಳಗೆ ಅಂಕಣದಲ್ಲಿ ಜನ ಕತ್ತೆತ್ತಿ ಸ್ಪೀಕರು ನೋಡುತ್ತಿದ್ದರು.

ಕಂಟ್ರೋಲರು ಮೆಟ್ಟಿಲು ಹತ್ತಿ ಓಡಿ ಬಂದರು. "ಏನಾಯ್ತಕ್ಕ?"

ಮೈಕಕ್ಕ ಪರದೆ ತೋರಿಸಿದಳು. ಎರಡೂ ಅಂಗೈ ಬಿಚ್ಚಿ ತಿರುವಿದಳು.

"ಗುಡ್ಡದೂರಿನ ಬಸ್ಸು ಹೊರಡಬೇಕು. ಅಕ್ಕ, ಒಂದೇ ಒಂದು ಬಸ್ಸು. ಇದೊಂದು ಕೂಗಿಬಿಡಿ. ಅಷ್ಟರಲ್ಲಿ ನಾನು ಆ ಹುಡುಗೀಗೆ ಫೋನ್ ಮಾಡ್ತೀನಿ."

ಅವಳು ಕತ್ತು ಮುಟ್ಟಿಕೊಂಡು ತಲೆಯಾಡಿಸಿದಳು. ಕಂಟ್ರೋಲರು ಕೈಮುಗಿದರು. ಕೆಳಗಿನಿಂದ ಡ್ರೈವರು ಹಾರ್ನ್ ಹೊಡೆದ. ಮೈಕಕ್ಕ ಮೈಕಿನ ಗುಂಡಿ ಒತ್ತಿದಳು. "ಗುಡ್ಡದೂರಿಗೆ" ಎಂಬುದು ಸರಿಯಾಗಿಯೇ ಬಂತು. "ಹೊರಡಲಿದೆ" ಎನ್ನುವಾಗ ದನಿ ಮಧ್ಯದಲ್ಲಿ ಮುರಿದು, ಮೊದಲ ಸಲ ಕೂಗಲು ಕಲಿಯುವ ಹುಂಜದ ಹಾಗೆ ಮೇಲಕ್ಕೆ ಹಾರಿತು. ಗಂಟಲಿನಲ್ಲಿ ಯಾರೋ ಉಪ್ಪುಕಾಗದ ಎಳೆದಂತಾಯಿತು. ಅವಳ ಕಣ್ಣಲ್ಲಿ ನೀರು ಬಂತು.

ಕಂಟ್ರೋಲರು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ಹುಡುಗಿ ಇನ್ನೊಂದೂರಿನಲ್ಲಿ ಯಾವುದೋ ಏಣಿಯ ಮೇಲಿದ್ದಳಂತೆ.

"ಸಾರ್, ಪೆನ್‌ಡ್ರೈವ್ ಸಿಕ್ಕಿಸಿದೆಯಾ?"

ಕಂಟ್ರೋಲರು ಕಂಪ್ಯೂಟರಿನ ಬೆನ್ನು ನೋಡಿದರು. ವಯರು ಸಿಕ್ಕಿಸಿತ್ತು. "ಸಿಕ್ಕಿಸಿದೆಯಮ್ಮ."

"ಗಟ್ಟಿಯಾಗಿ?"

"ಗಟ್ಟಿಯಾಗಿ."

"ಲೈಟ್ ಬರ್ತಿದೆಯಾ ಅದರಲ್ಲಿ?"

ಕಂಟ್ರೋಲರು ಬೀಗಪ್ಪನ ಕಡೆ ನೋಡಿದರು. ಬೀಗಪ್ಪ ಬೀರುವಿನ ಬೀಗದ ಕಿಂಡಿಗೆ ಒಂದು ಕಣ್ಣು ಅಂಟಿಸಿ, ಇನ್ನೊಂದು ಕಣ್ಣು ಮುಚ್ಚಿ, "ಉರೀತಾ ಇದೆ ಸಾರ್, ನೀಲಿ" ಎಂದ.

"ಉರೀತಾ ಇದೆಯಮ್ಮ, ನೀಲಿ."

"ಹಾಗಾದ್ರೆ ಜೀವ ಇದೆ. ಒಂದು ಸಲ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ."

ಹಳೆಯ ಕಂಪ್ಯೂಟರು ಏಳುವಷ್ಟರಲ್ಲಿ ಮೈಕಕ್ಕ ಇನ್ನೆರಡು ಬಸ್ಸು ಕೂಗಬೇಕಾಯಿತು. ಎರಡನೆಯದರಲ್ಲಿ ಊರಿನ ಹೆಸರು ಅರ್ಧ ಮಾತ್ರ ಹೊರಬಂತು. ಆ ಅರ್ಧಕ್ಕೇ ಜನ ಓಡಿದರು.

ಕಂಪ್ಯೂಟರು ಎದ್ದಿತು, ಪೆನ್‌ಡ್ರೈವು ಕಾಣಲಿಲ್ಲ.

"ಈಗ ಮೌಸ್ ಕಿತ್ತು ಪೆನ್‌ಡ್ರೈವ್ ಇದ್ದ ಜಾಗಕ್ಕೆ ಹಾಕಿ ನೋಡಿ ಸಾರ್. ಆಡುತ್ತಾ?"

"ಇಲಿ ಮರಿ ಹಾಗೆ ಆಡ್ತಾ ಇದೆ."

"ಅಂದ್ರೆ ಜಾಗ ಸರಿಯಿದೆ. ಪೆನ್‌ಡ್ರೈವ್ ವಾಪಸ್ ಹಾಕಿ. ಈಗ ಆಜ್ಞೆ ಬರೆಯೋ ಕಪ್ಪು ಕಿಟಕಿ ತೆರೀರಿ. ಎಲ್, ಎಸ್, ಯು, ಎಸ್, ಬಿ. ಎಂಟರ್."

ಕಂಟ್ರೋಲರು ಕಚೇರಿಯ ಗೌರವಕ್ಕೆ ತಕ್ಕ ಹಾಗೆ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹೊಡೆದರು. "ಅಂಥ ಆಜ್ಞೆಯೇ ಇಲ್ಲ ಅಂತಿದೆಯಲ್ಲಮ್ಮ! ಮುಖಕ್ಕೆ ಹೊಡೆದ ಹಾಗೆ ಹೇಳುತ್ತೆ."

"ಚಿಕ್ಕಕ್ಷರದಲ್ಲಿ ಸಾರ್. ಲಿನಕ್ಸ್ ಹಾಗೇನೇ, ದೊಡ್ಡದಾಗಿ ಕೂಗಿದ್ರೆ ಕೇಳಿಸಿಕೊಳ್ಳಲ್ಲ."

"ನಮ್ಮ ಅಕ್ಕನ ಯಜಮಾನರಿಗೆ ತದ್ವಿರುದ್ಧ" ಎಂದು ಬೀಗಪ್ಪ ಗೊಣಗಿದ. ಮೈಕಕ್ಕ ಅವನತ್ತ ಒಂದು ಸ್ಕೇಲು ತೋರಿಸಿದಳು.

ಚಿಕ್ಕಕ್ಷರಕ್ಕೆ ಕಂಪ್ಯೂಟರು ಒಲಿಯಿತು. ತನಗೆ ಅಂಟಿಕೊಂಡಿರುವ ನೆಂಟರ ಹೆಸರನ್ನೆಲ್ಲ ಸಾಲಾಗಿ ಹೇಳಿತು: ಕೀಬೋರ್ಡ್ ಇತ್ತು, ಮೌಸ್ ಇತ್ತು, ಹುಡುಗಿ ಹೇಳಿದ ಪೆನ್‌ಡ್ರೈವಿನ ಹೆಸರು ಇರಲಿಲ್ಲ.

ಈ ಮಧ್ಯೆ ಸುದ್ದಿ ಕೆಳಗೆ ಹರಡಿತ್ತು. ಮೂಟೆ ಹೊರುವ ಹಮಾಲಿ ಬಾಗಿಲಲ್ಲಿ ತಲೆ ಹಾಕಿ, ಮುಖವೆಲ್ಲ ಹಲ್ಲು ಮಾಡಿಕೊಂಡು ಹೇಳಿದ: "ಅಕ್ಕಾ, ಭಲೇ! ಮಿಷನ್ನಿಗೆ ಸರಿಯಾಗಿ ಬುದ್ಧಿ ಕಲಿಸಿದೆ. ನಮ್ಮಕ್ಕನ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿದ್ರು, ನೋಡು!"

ಮೈಕಕ್ಕ ಗಾಬರಿಯಿಂದ ಎರಡೂ ಕೈ ಬೀಸಿ ಅಲ್ಲವೆಂದಳು. ಗಂಟಲು ತೋರಿಸಿ, ಬೆರಳಿನಿಂದ ಕತ್ತಿನ ಅಡ್ಡಕ್ಕೆ ಗೆರೆ ಎಳೆದಳು, ತನ್ನ ಗಂಟಲು ಹೋಗಿದೆ ಎಂಬ ಅರ್ಥದಲ್ಲಿ.

"ಕತ್ತೇ ಕೊಯ್ದುಬಿಟ್ಯಾ ಅದರದ್ದು?" ಹಮಾಲಿಗೆ ಆನಂದ ತಡೆಯಲಾಗಲಿಲ್ಲ. "ಯಾರಿಗೂ ಹೇಳಲ್ಲ ಬಿಡಕ್ಕ."

ಯಾರಿಗೂ ಹೇಳಲ್ಲ ಎಂದವನು ಕೆಳಗಿಳಿದ ಸ್ವಲ್ಪ ಹೊತ್ತಿಗೆ ಚಹಾದಂಗಡಿಯಿಂದ ಏಲಕ್ಕಿ ಹಾಕಿದ ಸ್ಪೆಷಲ್ ಚಹಾ ಬಂತು. ಬೆನ್ನಿಗೇ ಮೂವರು ಕಂಡಕ್ಟರುಗಳು ಬಂದು ಕಿಟಕಿಯಾಚೆಯಿಂದ ಸಲಾಮು ಹೊಡೆದು ಹೋದರು. ಈ ಮಿಷನ್ನು ನಡೆಯಲಿ ಎಂದು ಆ ನಿಲ್ದಾಣದಲ್ಲಿ ಹಂಬಲಿಸುತ್ತಿದ್ದ ಏಕೈಕ ಜೀವ ತಾನೊಬ್ಬಳೇ ಎಂಬುದನ್ನು ಹೇಳಲು ಮೈಕಕ್ಕನಿಗೆ ಬಾಯಿರಲಿಲ್ಲ. ಕಂಟ್ರೋಲರಿಗೂ ಅನುಮಾನ ಮೂಡಿತು. ಅವರು ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದರು.

"ಅಕ್ಕ, ನನ್ನ ಹತ್ರ ಹೇಳಿ. ನೀವೇನೂ... ಮುಟ್ಟಿಲ್ಲ ತಾನೇ?"

ಮೈಕಕ್ಕ ಡಾಕ್ಟರನ್ನೂ ಮರೆತಳು. "ನನಗೆ ಮನೇಲಿ ಮಾತಾಡೋಕೆ ದನಿ ಬೇಕು ಸಾರ್" ಎಂದಳು. ಅದು ಹೊರಬಂದದ್ದು ಹಳೆಯ ಬಿದಿರಿನಲ್ಲಿ ಗಾಳಿ ಹೊಕ್ಕ ಹಾಗೆ. "ಮದುವೆಯಾದಾಗಿನಿಂದ ಆ ಮನುಷ್ಯನ ಹತ್ರ ನೆಟ್ಟಗೆ ಒಂದು ಜಗಳ ಆಡಿಲ್ಲ ನಾನು. ನಾನ್ಯಾಕೆ ಮುಟ್ಟಲಿ ಇದನ್ನ?"

ಕಂಟ್ರೋಲರ ಮನೆಯಲ್ಲಿ ಜಗಳಕ್ಕೆ ಬರವಿರಲಿಲ್ಲವಾದ್ದರಿಂದ, ಬರವೆಂದರೆ ಏನೆಂದು ಊಹಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಫೋನಿಗೆ ಬಾಗಿ, "ಮುಂದೇನಮ್ಮ? ಬೇಗ ಹೇಳು" ಎಂದರು. ಈಗ ಅವರ ದನಿಯಲ್ಲೂ ಆತುರವಿತ್ತು.

"ಇನ್ನೊಂದು ಆಜ್ಞೆ ಇದೆ ಸಾರ್. ಕಂಪ್ಯೂಟರಿಗೆ ಏನೇ ಚುಚ್ಚಿದ್ರೂ ಅದು ಒಳಗೊಳಗೇ ಏನಾದ್ರೂ ಗೊಣಗುತ್ತೆ. ಆ ಗೊಣಗಾಟ ಓದೋಣ. ಆದ್ರೆ ಅದಕ್ಕೆ ಪಾಸ್‌ವರ್ಡ್ ಬೇಕು. ಕವರಿನಲ್ಲಿ ಬರೆದು ಕೊಟ್ಟಿದ್ದೆ."

ಕವರು ಬೀರುವಿನಲ್ಲಿತ್ತು. ಬೀಗಪ್ಪ ಎಲ್ಲರಿಗೂ ಬೆನ್ನು ತಿರುಗಿಸಿ, ಬಾಗಿಲನ್ನು ಒಂದು ಗೇಣಿನಷ್ಟೇ ತೆರೆದು, ಮೊಣಕೈ ತನಕ ಕೈ ಒಳಗಿಟ್ಟು, ಹಸುವಿನ ಕರು ಎಳೆಯುವವನ ಹಾಗೆ ತಡಕಾಡಿ ಕವರು ತೆಗೆದ. ಮತ್ತೆ ಬೀಗ. ಮತ್ತೆ ಮೂರು ಜಗ್ಗು. ಕವರಿನ ಬಾಯಿಗೆ ಅವನು ಅರಗಿನ ಮುದ್ರೆ ಬೇರೆ ಹಾಕಿದ್ದ. ಅದನ್ನು ಬಿಡಿಸುವಷ್ಟರಲ್ಲಿ ಬಂದರಿನ ಎಕ್ಸ್‌ಪ್ರೆಸ್ಸಿನ ಹೊತ್ತಾಯಿತು. ಮೈಕಕ್ಕ ಮೈಕು ಹತ್ತಿರ ಎಳೆದುಕೊಂಡಳು. ಬಾಯಿ ತೆರೆದಳು. ಈ ಸಲ ಗಾಳಿ ಮಾತ್ರ ಬಂತು. ಅವಳು ಸ್ಟೀಲ್ ಲೋಟವನ್ನು ಸ್ಕೇಲಿನಿಂದ ಮೂರು ಸಲ ಬಡಿದು ಮೂರನೇ ಅಂಕಣ ಎಂದು ಸೂಚಿಸಿದಳು. ಕೆಳಗಿದ್ದ ಜನ ಅದನ್ನು ಅರ್ಥ ಮಾಡಿಕೊಂಡದ್ದು ಹೇಗೋ, ಅಂತೂ ಬಸ್ಸು ತುಂಬಿತು.

"ಈಗ ಪೆನ್‌ಡ್ರೈವ್ ಕಿತ್ತು ಮತ್ತೆ ಚುಚ್ಚಿ ಸಾರ್. ಕಪ್ಪು ಕಿಟಕಿಯಲ್ಲಿ ಹೊಸ ಸಾಲು ಬರಬೇಕು."

ಕಂಟ್ರೋಲರು ವಯರಿನ ತುದಿ ಕಿತ್ತರು, ಚುಚ್ಚಿದರು. "ಒಂದೂ ಬರಲಿಲ್ಲ."

"ಒಂದೂ?"

"ಗೊಣಗಾಟ ಬಿಡು, ನಿಟ್ಟುಸಿರು ಕೂಡ ಇಲ್ಲ."

"ಹಾಗಾದ್ರೆ ಪೆನ್‌ಡ್ರೈವ್ ಸತ್ತಿದೆ ಅಂತ ಕಾಣುತ್ತೆ ಸಾರ್. ನನ್ನ ಹತ್ರ ನಕಲಿದೆ, ನಾಳೆ ಹೊಸದು ತರ್ತೀನಿ."

"ನಾಳೆ ತಗೊಂಡು ಏನಮ್ಮ ಮಾಡ್ಲಿ? ಸಾಹೇಬರು ಇವತ್ತು ಬರೋದು! ನಿಂತಿರೋ ಮಿಷನ್ ನೋಡಿ, ಹೊತ್ತುಕೊಂಡು ಹೋಗಿಬಿಡ್ತಾರೆ."

ಮೈಕಕ್ಕ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಗಂಟಲಿನ ತಳದಿಂದ ಕೆರೆದು ತುಂಬಿಸಿದ್ದ ದನಿ ಸತ್ತುಹೋಯಿತು ಎಂದರೆ ಅವಳಿಗೆ ನಿಜಕ್ಕೂ ಯಾರೋ ಹೋದ ಹಾಗೆ ಆಯಿತು. ಕಂಟ್ರೋಲರು ಅವಳನ್ನು ನೋಡಲಾರದೆ ಗೋಡೆಯ ಕಂಬಳಿ ನೋಡಿದರು.

"ಕೊನೇದಾಗಿ ಒಂದು ಸಾರ್" ಎಂದಳು ಹುಡುಗಿ. "ಪೆನ್‌ಡ್ರೈವನ್ನ ಕೈಯಲ್ಲಿ ಮುಟ್ಟಿ ನೋಡಿ. ಸುಡ್ತಾ ಇದೆಯಾ?"

"ಮುಟ್ಟೋದು ಹೇಗಮ್ಮ? ಅದು ಬೀರುವಿನಲ್ಲಿದೆಯಲ್ಲ."

ಫೋನಿನಲ್ಲಿ ಏಣಿ ಅಲುಗಾಡಿದ ಸದ್ದು ಬಂತು.

"ಎಲ್ಲಿದೆ?"

"ಬೀರುವಿನಲ್ಲಿ. ಬೀಗ ಹಾಕಿದೆ. ಭದ್ರವಾಗಿದೆ, ಅದರ ಚಿಂತೆ ಬೇಡ."

"ಸಾರ್, ಸಿಕ್ಕಿಸಿದೆ ಅಂದ್ರಿ!"

"ವಯರು ಸಿಕ್ಕಿಸಿದೆಯಲ್ಲ!"

"ಯಾವ ವಯರು?"

ಕಂಟ್ರೋಲರು ಬೀಗಪ್ಪನನ್ನು ನೋಡಿದರು. ಮೈಕಕ್ಕ ತಲೆ ಎತ್ತಿದಳು. ಬೀಗಪ್ಪ ಎದೆ ಉಬ್ಬಿಸಿ, ಯಾರೂ ಕೇಳದೆ ತಾನಾಗಿ ಮಾಡಿದ ಒಳ್ಳೆಯ ಕೆಲಸವನ್ನು ಕಡೆಗೂ ಯಾರೋ ವಿಚಾರಿಸಿದರಲ್ಲ ಎಂಬ ಸಂತೋಷದಲ್ಲಿ, ಬೀರುವಿನ ತೂತು, ವಯರಿನ ಉದ್ದ, ತೂತಿನ ಅಂಚು ವಯರನ್ನು ಕೊಯ್ಯದಂತೆ ಸುತ್ತಿದ ರಬ್ಬರು, ಎಲ್ಲವನ್ನೂ ಸವಿಸ್ತಾರವಾಗಿ ವಿವರಿಸಿದ.

"ಆ ವಯರು ಎಲ್ಲಿತ್ತು ಅಂಕಲ್?"

"ಬಿಟ್ಟು ಹೋದ ಸಾಮಾನಿನ ಪೆಟ್ಟಿಗೇಲಿ. ಒಂದು ಪುಟ್ಟ ಫ್ಯಾನಿಗೆ ಸಿಕ್ಕಿಸಿತ್ತು. ಫ್ಯಾನ್ ಕೆಟ್ಟಿದೆ, ವಯರು ಹೊಸದು."

"ಅಯ್ಯೋ ಅಂಕಲ್! ಅದು ಫ್ಯಾನ್ ತಿರುಗಿಸೋ ವಯರು. ಅದರ ಒಳಗೆ ಕರೆಂಟ್ ಹೋಗೋ ತಂತಿ ಮಾತ್ರ ಇರುತ್ತೆ, ಮಾತು ಹೋಗೋ ತಂತಿ ಇರಲ್ಲ. ಅದಕ್ಕೇ ಲೈಟ್ ಉರೀತಿದೆ, ಕಂಪ್ಯೂಟರಿಗೆ ಮಾತ್ರ ಏನೂ ಗೊತ್ತಾಗ್ತಿಲ್ಲ. ಪೆನ್‌ಡ್ರೈವ್ ಸತ್ತಿಲ್ಲ. ಆಚೆ ತೆಗೆದು ನೇರವಾಗಿ ಚುಚ್ಚಿ, ಅಷ್ಟೇ."

ಮೈಕಕ್ಕ ಎದ್ದು ನಿಂತಳು. ಕಂಟ್ರೋಲರು ಕೈ ಚಾಚಿದರು. "ತೆಗೀರಿ ಬೀಗ."

ಬೀಗಪ್ಪ ಬೀರುವಿಗೆ ಬೆನ್ನು ಕೊಟ್ಟು ನಿಂತ. "ಆಚೆ ತೆಗೆಯೋಕಾಗಲ್ಲ ಸಾರ್."

"ಯಾಕೆ?"

"ಕಂಪ್ಯೂಟರಿನ ಬೆನ್ನಿಗೆ ನೇತಾಡಿಸಿದ್ರೆ ಸಂಜೆಯೊಳಗೆ ಯಾವ ಡ್ರೈವರ ಜೇಬಿನಲ್ಲಿ ಇರುತ್ತೋ! ಹಾಡು ತುಂಬಿಸಿಕೊಂಡು ಬಿಡ್ತಾರೆ. ಅಕ್ಕನ ದನಿ ಅಳಿಸಿಹೋದ್ರೆ ಯಾರು ಹೊಣೆ? ನಾನು ಇದನ್ನ ಯಾರಿಗೋಸ್ಕರ ಒಳಗಿಟ್ಟೆ? ಅಕ್ಕನಿಗೋಸ್ಕರ."

ಕಂಟ್ರೋಲರು ಗದರಿದರು. ಬೀಗಪ್ಪ ನಿಯಮ ಹೇಳಿದ. ಕಂಟ್ರೋಲರು ತಾನು ಮೇಲಧಿಕಾರಿ ಎಂದರು. ಬೀಗಪ್ಪ ಹಾಗಾದರೆ ಕಳೆದುಹೋದರೆ ತಾವೇ ಹೊಣೆ ಎಂದು ಸಹಿ ಮಾಡಿ ಎಂದ. ಸಹಿ ಎಂದ ಕೂಡಲೇ ಕಂಟ್ರೋಲರ ದನಿ ಇಳಿಯಿತು. ಫೋನಿನೊಳಗಿನ ಹುಡುಗಿ "ಅಂಕಲ್... ಅಂಕಲ್..." ಎನ್ನುತ್ತಿದ್ದಳು. ಗೇಟಿನ ಬಳಿ ಬಿಳಿ ಕಾರೊಂದು ತಿರುಗಿದ್ದನ್ನು ಮೈಕಕ್ಕ ಕಿಟಕಿಯಿಂದ ಕಂಡಳು. ಸಾಹೇಬರ ಕಾರು.

ಅವಳು ಬೀಗಪ್ಪನ ಭುಜ ತಟ್ಟಿದಳು. ಬೀರು ತೋರಿಸಿದಳು. ಅದು ಹೊರಗೆ ಬರುವುದು ಬೇಡ ಎಂದು ತಲೆಯಾಡಿಸಿದಳು. ಆಮೇಲೆ ಕಂಪ್ಯೂಟರಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಳ್ಳುವ ಸನ್ನೆ ಮಾಡಿ, ಬೀರುವಿನತ್ತ ಬಾಗಿ ತೋರಿಸಿದಳು.

ಬೀಗಪ್ಪ ಒಂದು ಗಳಿಗೆ ನೋಡಿದ. ಅವನ ಮುಖ ನಿಧಾನವಾಗಿ ಅರಳಿತು. "ಕಂಪ್ಯೂಟರೇ ಒಳಗೆ ಬರುತ್ತಾ?"

ಮೈಕಕ್ಕ ಹೌದೆಂದು ತಲೆ ಹಾಕಿದಳು.

"ಬರಲಿ! ಬರಲಿ! ಅದೂ ಬೆಲೆಬಾಳೋ ವಸ್ತುವೇ ಅಲ್ವಾ? ಇಷ್ಟು ದಿನ ಹೊರಗೆ ಬಿಟ್ಟಿದ್ದೇ ತಪ್ಪು."

ಕಂಟ್ರೋಲರು ಪೆಟ್ಟಿಗೆಯ ತಲೆ ಹಿಡಿದರು, ಬೀಗಪ್ಪ ಬುಡ ಹಿಡಿದ. ಕೆಳಗಿನ ಅರೆಯಲ್ಲಿದ್ದ ಪೊರಕೆ, ಬಲ್ಬು, ದಾರದುಂಡೆ ಮೇಲೆ ಹೋದವು. ಕಂಪ್ಯೂಟರು ಅಲ್ಲಿ ಕೂತಿತು. ಸ್ಪೀಕರಿನ ವಯರು, ಕರೆಂಟಿನ ವಯರು, ಮೇಜಿನ ಮೇಲೆ ಉಳಿದ ಪರದೆಯ ವಯರು ಹಿಂದಿನ ತೂತಿನಿಂದ ಹೊರಬಂದವು. ಬೀಗಪ್ಪ ತನ್ನ ಕೈಯಾರೆ ಫ್ಯಾನಿನ ವಯರು ಕಿತ್ತು, ಪೆನ್‌ಡ್ರೈವನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚಿದ.

"ಗಾಳಿ ಬೇಕು ಅಂಕಲ್, ಬಾಗಿಲು ಮುಚ್ಚಬೇಡಿ!" ಫೋನು ಕೂಗಿತು. "ಮುಚ್ಚಿದ್ರೆ ಬಿಸಿಯಾಗಿ ನಿಲ್ಲುತ್ತೆ!"

ಬೀಗಪ್ಪನಿಗೆ ಇದು ಕಹಿ ಮದ್ದು. ತೆರೆದ ಬೀರು ಎಂದರೆ ಅವನಿಗೆ ಬೀದಿಯಲ್ಲಿ ಬಟ್ಟೆಯಿಲ್ಲದೆ ನಿಂತ ಹಾಗೆ. ಯೋಚಿಸಿ, ತನ್ನ ಕುರ್ಚಿಯನ್ನೇ ಎಳೆದು ತಂದು ಬೀರುವಿನ ಬಾಯಿಗೆ ಅಡ್ಡ ಹಾಕಿ, ತಾನೇ ಬಾಗಿಲಾಗಿ ಕೂತ.

ಕಂಪ್ಯೂಟರು ಮತ್ತೆ ಎದ್ದಿತು, ಪರದೆಯ ಮೇಲೆ ಪೆನ್‌ಡ್ರೈವಿನ ಚಿತ್ರ ಮೂಡಿತು. ಸ್ಪೀಕರು ಒಮ್ಮೆ ಗಂಟಲು ಸರಿಮಾಡಿಕೊಂಡಿತು. ಆಮೇಲೆ ತುಂಬಿದ, ಗಟ್ಟಿಯಾದ, ಒಂದು ಬಿರುಕೂ ಇಲ್ಲದ ದನಿ ನಿಲ್ದಾಣದ ಮೇಲೆ ಹರಡಿತು: "ಪ್ರಯಾಣಿಕರ ಗಮನಕ್ಕೆ."

ಕೆಳಗೆ ಹಮಾಲಿಯ ತಲೆಯ ಮೇಲಿದ್ದ ಮೂಟೆ ಜಾರಿತು. ಮೈಕಕ್ಕ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

ಸಾಹೇಬರು ಕೆಳಗಿನ ಅಂಕಣಗಳನ್ನೆಲ್ಲ ನೋಡಿಕೊಂಡು ಮೇಲೆ ಬಂದಾಗ ನಾಲ್ಕು ಬಸ್ಸು ಸಾಲಾಗಿ ಕೂಗಿಸಿಕೊಂಡು ಹೊರಟಿದ್ದವು. ಅವರು ಕೋಣೆಯ ಸುತ್ತ ನೋಡಿ, "ಕಂಪ್ಯೂಟರ್ ಎಲ್ಲಿ?" ಎಂದರು.

"ನನ್ನ ಹಿಂದಿದೆ ಸಾರ್" ಎಂದ ಬೀಗಪ್ಪ, ಏಳದೆ. "ಎದ್ದು ನಿಲ್ಲೋ ಹಾಗಿಲ್ಲ, ಕ್ಷಮಿಸಿ. ಕಾವಲಿದ್ದೀನಿ."

ಸಾಹೇಬರು ಅವನ ಭುಜದ ಮೇಲಿನಿಂದ ಇಣುಕಿ ನೋಡಿದರು. ಕಬ್ಬಿಣದ ಬೀರುವಿನಲ್ಲಿ ಪೊರಕೆಯ ಕೆಳಗೆ ಕೂತು ಕಂಪ್ಯೂಟರು ಬಸ್ಸು ಕೂಗುತ್ತಿತ್ತು. ಅವರು ಬಹಳ ಹೊತ್ತು ನೋಡಿದರು.

"ಬೇರೆ ನಿಲ್ದಾಣದಲ್ಲಿ ಕೊಟ್ಟ ಸಾಮಾನೆಲ್ಲ ವಾರದಲ್ಲಿ ಕಳೆದುಹಾಕ್ತಾರೆ" ಎಂದರು ಸಾಹೇಬರು ಕಡೆಗೆ. "ಇಲ್ಲೇ ಇರಲಿ ಇದು. ಮುಂದೆ ಕೊಡೋ ಕಡೆಗೆಲ್ಲ ಒಂದೊಂದು ಬೀರು ಸೇರಿಸಿ ಕೊಡೋಣ."

ಬೀಗಪ್ಪನ ಕುತ್ತಿಗೆ ಅಂದು ಒಂದು ಅಂಗುಲ ಉದ್ದವಾಯಿತು.

ಸಾಹೇಬರ ಕಾರು ಹೋದ ಮೇಲೆ ಮೈಕಕ್ಕನಿಗೆ ಮಾಡಲು ಏನೂ ಉಳಿಯಲಿಲ್ಲ. ಕಿಟಕಿಯಿಂದ ನೋಡಿದಳು. ಗಂಡ ಲೌಡ್‌ಸ್ಪೀಕರಿನ ಕೆಳಗೆ ಬೆಂಚಿನ ಮೇಲೆ ಡಬ್ಬಿ ಮಡಿಲಲ್ಲಿಟ್ಟು ಕೂತಿದ್ದ, ತಲೆದೂಗುತ್ತಿದ್ದ. ಕೆಲಸದ ಹೊತ್ತಿನಲ್ಲಿ ಅವಳು ಆ ಬೆಂಚಿನ ಹತ್ತಿರ ಹೋದವಳೇ ಅಲ್ಲ. ಅವಳು ಕೆಳಗಿಳಿದರೆ ದನಿ ನಿಂತುಹೋಗುತ್ತಿತ್ತು. ಈಗ ಇಳಿದಳು. ಹೋಗಿ ಅವನ ಪಕ್ಕ ಕೂತಳು.

"ಹೊಳೆದಂಡೆಯ ಊರಿಗೆ ಹೋಗುವ ಬಸ್ಸು..." ಎಂದು ಮೇಲಿನಿಂದ ದನಿ ಬಂತು.

ಗಂಡ ಸ್ಪೀಕರು ನೋಡಿದ. ಪಕ್ಕದಲ್ಲಿದ್ದ ಹೆಂಡತಿಯ ಮುಚ್ಚಿದ ಬಾಯಿ ನೋಡಿದ. ಮತ್ತೆ ಸ್ಪೀಕರು ನೋಡಿದ.

"ಇದೇನೇ ಇದು! ನೀನು ಇಲ್ಲಿದ್ದೀಯ. ಅಲ್ಲಿ ಯಾರು?"

ಮೈಕಕ್ಕ ತನ್ನ ಎದೆ ಮುಟ್ಟಿ ತೋರಿಸಿದಳು. ಮೇಲಿನ ಕೋಣೆ ತೋರಿಸಿದಳು. ಪೆಟ್ಟಿಗೆಯ ಆಕಾರ ಬರೆದಳು, ಬೀಗ ತಿರುವಿದಳು, ಗಂಟಲು ಮುಟ್ಟಿ, ಬಾಯಿಗೆ ಬೆರಳಿಟ್ಟು, ಆಕಾಶದಲ್ಲಿ ಒಂದು ಚಂದ್ರ ಬೆಳೆದು ಕರಗುವುದನ್ನು ತೋರಿಸಿದಳು. ವರ್ಷಗಟ್ಟಲೆ ಸನ್ನೆಯಲ್ಲೇ ಸಂಸಾರ ಮಾಡಿದವನಿಗೆ ಎಲ್ಲವೂ ಅರ್ಥವಾಯಿತು.

"ಒಂದು ತಿಂಗಳು ನೀನು ಮಾತಾಡೋ ಹಾಗಿಲ್ಲ?"

ಇಲ್ಲ.

"ಆಮೇಲೆ ಮನೆಗೆ ಬಂದ ಮೇಲೂ ನಿನಗೆ ದನಿ ಇರುತ್ತೆ? ನನ್ನ ಕಿವಿಗೆ ಬಾಯಿಟ್ಟು ಕೂಗೋ ಅಷ್ಟು?"

ಇರುತ್ತೆ. ಅಷ್ಟೂ ಇರುತ್ತೆ.

ಅವನು ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ಒರೆಸುತ್ತ ಕೂತ. ಆಮೇಲೆ ಅವನ ಮುಖದಲ್ಲಿ ಕಳ್ಳನಗು ಹುಟ್ಟಿತು. ಕಿವಿ ಕೇಳದವರ ದೊಡ್ಡ ಗಂಟಲಿನಲ್ಲಿ, ನಾಲ್ಕು ಅಂಕಣಕ್ಕೂ ಕೇಳುವ ಹಾಗೆ ಶುರುಮಾಡಿದ.

"ಹಾಗಾದ್ರೆ ಈ ತಿಂಗಳು ಎಲ್ಲ ಜಗಳಾನೂ ನಾನೇ ಗೆಲ್ಲೋದು! ಕೇಳು. ರಾತ್ರಿ ಹೊತ್ತು ಕಿಟಕಿ ತೆರೆದಿರಬೇಕು, ನೀನು ಮುಚ್ಚೋದು ತಪ್ಪು."

ಮೈಕಕ್ಕ ತಿಂಗಳಾದ ಮೇಲಿನ ಲೆಕ್ಕಕ್ಕೆ ಒಂದು ಬೆರಳು ಮಡಿಸಿದಳು.

"ನಿನ್ನ ತಮ್ಮ ತಾನು ದೊಡ್ಡ ಹಾಡುಗಾರ ಅಂತ ತಿಳ್ಕೊಂಡಿದ್ದಾನೆ. ನನಗೆ ಕಿವಿ ಕೇಳಲ್ಲ, ಆದ್ರೂ ಅವನು ಹಾಡಿದ್ರೆ ನೋವಾಗುತ್ತೆ."

ಎರಡನೆಯ ಬೆರಳು.

ಚಹಾದಂಗಡಿಯವನು ಕೆಟಲು ಹಿಡಿದುಕೊಂಡೇ ಹತ್ತಿರ ಬಂದು ನಿಂತ. ಹಮಾಲಿ ಮೂಟೆಯ ಮೇಲೆ ಕೂತ. ಗಂಡ ಬಿಡಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಗುವುದರಿಂದ ಹಿಡಿದು, ಅವಳ ಚಿಕ್ಕಮ್ಮ ಬಂದರೆ ಹೋಗುವ ಮಾತೇ ಎತ್ತದಿರುವ ತನಕ, ಇಷ್ಟು ಕಾಲ ಮಾರುತ್ತರ ಕೇಳಲು ಕಿವಿಯಿಲ್ಲವೆಂದು ಹೇಳದೆ ಬಿಟ್ಟಿದ್ದನ್ನೆಲ್ಲ ಒಂದೊಂದಾಗಿ ಹೇಳಿದ. ಮೈಕಕ್ಕ ತುಟಿ ಬಿಗಿದುಕೊಂಡು, ಕಣ್ಣಲ್ಲಿ ಕೆಂಡ ತುಂಬಿಕೊಂಡು, ಒಂದೊಂದಕ್ಕೂ ಒಂದೊಂದು ಬೆರಳು ಮಡಿಸಿದಳು. ಅವಳ ಎರಡೂ ಕೈ ಮುಷ್ಟಿಯಾದವು.

"ಬೆರಳು ಮುಗೀತಾ?" ಗಂಡ ಗಹಗಹಿಸಿ ನಕ್ಕ. "ನಂದಿನ್ನೂ ಇದೆ. ಬಚ್ಚಲ ಬಾಗಿಲು..."

ಮೈಕಕ್ಕ ಅವನ ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಅವನ ಕಿರುಬೆರಳು ಮಡಿಸಿದಳು.